ಎಲೆ ನಿಲ್ಲುವ ಜಾಗ

ಅಂಗಿ ಬಿಚ್ಚಿ ಮಲಗು, ನೆಸ್ತೋರ್ಯೋ. ಬೋರಲು.
ಬಿದಿರ ಮಂಚ ಕಿರುಗುಟ್ಟಿದರೆ ಹೆದರಬೇಡ,
ನಿನ್ನ ಎರಡರಷ್ಟಿರುವ ಒಣಮೀನಿನ ಸಾಹುಕಾರ
ನಿನ್ನೆ ಇದರ ಮೇಲೇ ಗೊರಕೆ ಹೊಡೆದು ಎದ್ದುಹೋದ.

ಹೆಗಲು ಅಂದೆ. ಎಡದ್ದು. ಮೂರು ದಿನದಿಂದ.
ಟ್ರೈಸಿಕಲ್ಲಿನ ಹ್ಯಾಂಡಲು ಬಿಗಿ ಅಂದೆ,
ಬೋರೊಂಗಾನಿನಿಂದ ಬರುವಾಗ ಮಳೆಗೆ ನೆನೆದೆ ಅಂದೆ.
ಬರುವವರೆಲ್ಲ ಕಾರಣವನ್ನು ಮನೆಯಿಂದಲೇ
ಬುತ್ತಿಯಂತೆ ಕಟ್ಟಿಕೊಂಡು ಬರುತ್ತಾರೆ.
ನಾನು ಬುತ್ತಿ ಬಿಚ್ಚುವವಳಲ್ಲ.
ಮೊದಲು ಎಲೆ.

ಬಾಳೆಯ ಸುಳಿ, ಈಗಷ್ಟೇ ಸೀಳಿದ್ದು,
ಕೆಂಡದ ಮೇಲೆ ತುಸು ಬಾಡಿಸಿ
ಎಣ್ಣೆ ಸವರಿದ ಬೆನ್ನ ಮೇಲೆ ಎಳೆಯುತ್ತೇನೆ.
ನೋವಿಲ್ಲದಲ್ಲಿ ಜಾರುತ್ತದೆ.
ಇರುವಲ್ಲಿ ನಿಲ್ಲುತ್ತದೆ.
ಯಾಕೆ ಅಂತ ಆರೋಗ್ಯ ಕೇಂದ್ರದ ನರ್ಸಮ್ಮನೂ ಕೇಳಿದಳು,
ಚರ್ಮದ ಕಾವು, ಬೆವರು ಎಂದೇನೋ ಅವಳೇ ಹೇಳಿದಳು.
ಇದ್ದೀತು. ಎಲೆ ಶಾಲೆಗೆ ಹೋಗಿಲ್ಲ.

ಈ ಎಣ್ಣೆ ಶುಭ ಶುಕ್ರವಾರದ್ದು.
ಮೂಡಣಕ್ಕೆ ಬಾಗಿದ ಕಾಯನ್ನೇ ಕೀಳಿಸಿ
ತುರಿದು ಹಿಂಡಿ ಕಾಯಿಸುವಷ್ಟು ಹೊತ್ತು ಮಾತಾಡಬಾರದು,
ಒಂದು ಸೊಲ್ಲೆತ್ತಿದರೂ ಅದು ಬರೀ ಒಗ್ಗರಣೆಯ ಎಣ್ಣೆ.
ನನ್ನಂಥ ಬಾಯಿಬಡುಕಿಗೆ ವರ್ಷಕ್ಕೊಂದೇ ವ್ರತ.
ಒಂದು ಸಲ ಕುದಿವ ಸೌಟು ಪಾದದ ಮೇಲೆ ಬಿತ್ತು.
ತುಟಿ ಕಚ್ಚಿದೆ. ಚರ್ಮ ಹೋಯಿತು, ಎಣ್ಣೆ ಉಳಿಯಿತು.

ನಾನು ಕಾಲು ಮುಂದಾಗಿ ಹುಟ್ಟಿದವಳು.
ಅಂಥವರು ಸವರಿದರೆ ಗಂಟಲ ಮೀನುಮುಳ್ಳು ಇಳಿಯುತ್ತದಂತೆ.
ಆರು ವರ್ಷದವಳನ್ನು ಊಟದ ನಡುವೆ ಎಬ್ಬಿಸಿ
ಯಾರದೋ ಕುತ್ತಿಗೆಯ ಮುಂದೆ ನಿಲ್ಲಿಸುತ್ತಿದ್ದರು.
ತಿರುಗಿ ಬರುವಷ್ಟರಲ್ಲಿ
ನನ್ನ ತಟ್ಟೆಯ ಮೀನು ಬೆಕ್ಕಿನದಾಗಿರುತ್ತಿತ್ತು.

ಅಂದಿನಿಂದ ಇದೇ ಕೆಲಸ.
ಇಡೀ ದಿನ ಇಸ್ತ್ರಿ ಮಾಡಿ ತಣ್ಣೀರಿಗೆ ಕೈಯಿಟ್ಟ
ಫ್ಲೋರ್ದೆಲಿಸಾಳ ನಡುಗುವ ಬೆರಳು,
ಹಸಿ ಬಾಣಂತಿಯ ಸಡಿಲ ಕಿಬ್ಬೊಟ್ಟೆ,
ಬಲೆ ಎಳೆದು ಎಳೆದು ಗಂಟಾದ ಬೆನ್ನುಗಳು,
ಎಲ್ಲ ಈ ಹೆಬ್ಬೆರಳ ಕೆಳಗೇ ಹಾದುಹೋದವು.
ನೋಡು, ಬುಡದಲ್ಲಿ ಹೇಗೆ ಊದಿದೆ.
ರಾತ್ರಿ ಹುರಿದ ಅಕ್ಕಿಯ ಗಂಟಿನಲ್ಲಿ ಹೂತು ಮಲಗುತ್ತೇನೆ.
ಅದನ್ನು ತಿಕ್ಕಲು ಇನ್ನೊಂದು ಕೈ ಇದೆ, ನಿಜ,
ಅದರ ಹೆಬ್ಬೆರಳೂ ಇದರ ತಂಗಿಯೇ.

ಸ್ವಲ್ಪ ಸುಮ್ಮನಿರು.

ಹೆಗಲ ಮೇಲೆ ಜಾರಿತು.
ಇನ್ನೊಮ್ಮೆ. ಜಾರಿತು.
ತಿರುಗು. ಅಂಗಾತ.

ಇಲ್ಲಿ.
ಎಳೆದರೂ ಬರಲಿಲ್ಲ. ಹರಿಯಿತು.

ಮೆಟ್ಟಿಲು ಹತ್ತುವಾಗ ಬರುತ್ತದಾ?
ದವಡೆಗೂ?
ಮತ್ತೆ ಅದನ್ನೇಕೆ ಬುತ್ತಿಯಲ್ಲಿ ಕಟ್ಟಲಿಲ್ಲ, ಮಾರಾಯ?

ಏಳು. ಹಾಗಲ್ಲ, ಮೆಲ್ಲಗೆ.
ಇಲ್ಲ, ತಿಕ್ಕುವುದಿಲ್ಲ. ಬೇಡಿಕೊಂಡರೂ ಇಲ್ಲ.
ಇದು ಉಳುಕಲ್ಲ, ವಾಯುವಲ್ಲ.
ನನ್ನ ಕೈಗೆ ಪಕ್ಕೆಲುಬೇ ಬೇಲಿ,
ಆಚೆಯವನನ್ನು ಬೇಲಿಯಿಂದ ಮಾತಾಡಿಸಬಲ್ಲೆ, ಅಷ್ಟೆ.
ದೋಣಿ ಕಟ್ಟುವ ಎಲ್ಪಿಡ್ಯೋ, ನಿನಗೆ ನೆನಪಿರಲಾರದು,
ಅವನೂ ಹೆಗಲು ಅಂದಿದ್ದ.
ಎಲೆ ಹೇಳಿದ್ದನ್ನು ಕೇಳದೆ ಹೆಗಲನ್ನೇ ತಿಕ್ಕಿದೆ, ರಾತ್ರಿಯಿಡೀ,
ಅಷ್ಟು ಚೆನ್ನಾಗಿ ಯಾರಿಗೂ ತಿಕ್ಕಿರಲಿಲ್ಲ.
ಈಗ ಹಾಯಾಯ್ತು ಅಂದ.
ಅದೇ ಅವನ ಕೊನೆಯ ಮಾತು.
ಇಂಥ ಹೊಗಳಿಕೆ ನನಗಿನ್ನು ಬೇಡ.

ಚಿಪ್ಪಿಗೆ ಕಾಸು ಹಾಕಬೇಡ, ನಾನೇನು ಮಾಡಿದೆ?
ಅಲ್ಲಿ ಬೇಕಾಗುತ್ತದೆ.
ಎಲೆಯ ಸುದ್ದಿ ಡಾಕ್ಟರಿಗೆ ಎತ್ತಬೇಡ,
ನಗುತ್ತಾ ಕೂತರೆ ಹೊತ್ತಾಗುತ್ತದೆ.
ಎದೆ ಅನ್ನು, ದವಡೆ ಅನ್ನು.
ಬೀಗದ ಕೈ ಕೊಡು, ನಿನ್ನ ಗಾಡಿ ನೀನು ಓಡಿಸಕೂಡದು,
ಪಕ್ಕದ ಮನೆ ಹುಡುಗ ಓಡಿಸುತ್ತಾನೆ.
ನಾನೂ ಬರುತ್ತೇನೆ. ಸರಿ ಆ ಕಡೆ.

ಕೈ ಇಲ್ಲಿ ಕೊಡು. ತಿಕ್ಕಲಿಕ್ಕಲ್ಲ.
ಆಸ್ಪತ್ರೆಯ ಬಾಗಿಲವರೆಗೆ
ಒಂದು ಸೊಲ್ಲೂ ಎತ್ತುವುದಿಲ್ಲ ನೋಡು,
ಎಣ್ಣೆ ಕಾಯುತ್ತಿದೆ ಅಂದುಕೋ.